ಕಮಲವಲ್ಲದ ಎರಡು ಕಮಲ

ನಾವು ಅಂದರೆ ಮೂರು ಜನ. ಒಬ್ಬ ಚಿಕ್ಕಮಗಳೂರು ಪೇಟೆಯವನು, ಒಬ್ಬ ಮೂಡಿಗೆರೆ ಕಡೆಯ ತೋಟದವನು, ಒಬ್ಬಳು ಕಳಸದವಳು. ಕಾಲೇಜಿನಲ್ಲಿ ಮೂರು ಬೇರೆ ಬೇರೆ ಬ್ರ್ಯಾಂಚು. ಊರಿಗೆ ಹೋಗುವ ಬಸ್ಸಿನಲ್ಲಿ ಜೊತೆಯಾದವರು. ಈ ಲೇಖನವನ್ನು ಮೂವರೂ ಕೂತು ಬರೆದಿದ್ದೇವೆ. ಯಾಕಂದ್ರೆ ಇದರಲ್ಲಿ ಒಂದು ತಪ್ಪಿನ ಕಥೆ ಇದೆ, ಆ ತಪ್ಪು ಮೂವರದ್ದೂ.

ಕಳೆದ ವರ್ಷ ಆಗಸ್ಟ್ ತಿಂಗಳ ರಜೆಯಲ್ಲಿ ಕಳಸದ ಮನೆಗೆ ಹೋಗಿದ್ವಿ. ಮಳೆ ಹಿಡಿದು ಎಂಟು ದಿನ ಆಗಿತ್ತು. ಭದ್ರಾ ಹೊಳೆ ಕೆಂಪಗೆ ತುಂಬಿ ಹರೀತಿತ್ತು, ಕರೆಂಟು ಹೋಗಿ ಎರಡು ದಿನ ಆಗಿತ್ತು. ಆ ಸಂಜೆ ಅಜ್ಜಿ ಜಗಲಿಯ ಮೂಲೆಯಲ್ಲಿದ್ದ ಗಿಡದ ಹತ್ತಿರ ಹೋಗಿ, ಬಗ್ಗಿ ನೋಡಿ, “ಇವತ್ತು ಅರಳುತ್ತೆ. ಯಾರೂ ಬೇಗ ಮಲಗ್ಬೇಡಿ” ಅಂದ್ರು. ತೂತಾದ ಹಳೇ ಕಬ್ಬಿಣದ ಬಕೆಟ್ಟಿನಲ್ಲಿ ಬೆಳೆಸಿದ ಬ್ರಹ್ಮಕಮಲ ಅದು. ಐದು ಮೊಗ್ಗು ಕತ್ತು ಮೇಲಕ್ಕೆತ್ತಿಕೊಂಡು ನಿಂತಿದ್ವು.

ರಾತ್ರಿ ಒಂಬತ್ತರ ಹೊತ್ತಿಗೆ ಆಚೆ ಮನೆಯ ಅತ್ತೆ ಟಾರ್ಚು, ಕೊಡೆ, ಅರಿಶಿನ ಕುಂಕುಮದ ಬಟ್ಟಲು ಹಿಡಿದುಕೊಂಡು ಬಂದ್ರು. ಲೈನ್ ಮನೆಯಿಂದ ಇಬ್ಬರು ಹೆಂಗಸರು ಮಕ್ಕಳನ್ನು ಕರಕೊಂಡು ಬಂದ್ರು. ಲಾಟೀನಿನ ಬೆಳಕಲ್ಲಿ ನೋಡ್ತಾ ನೋಡ್ತಾ ಮೊಗ್ಗು ಬಿರಿಯಿತು. ಹನ್ನೊಂದರ ಹೊತ್ತಿಗೆ ಅಂಗೈಗಿಂತ ಅಗಲವಾದ ಬಿಳಿ ಹೂವು ಐದು. ಜಗಲಿಯಿಡೀ ಪರಿಮಳ. ಎಲ್ಲರೂ ಕೈ ಮುಗಿದು ನಿಂತಿದ್ರು.

ಆಗ ನಾವು ಮೊಬೈಲ್ ತೆಗೆದ್ವಿ. ಜಗಲಿಯ ಕಂಬದ ಹತ್ತಿರ ಮಾತ್ರ ಸಿಗೋ ಒಂದು ಕಡ್ಡಿ ನೆಟ್‌ವರ್ಕ್‌ನಲ್ಲಿ ಫೋಟೊ ಹಾಕಿ ಹುಡುಕಿದ್ವಿ. ಉತ್ತರ ಬಂತು. ಬಂದ ಉತ್ತರವನ್ನು ಬಾಯಿಗೆ ಬಂದ ಹಾಗೇ ಹೇಳಿದ್ವಿ. ಮೊದಲು ಹೇಳಿದ್ದು ಯಾರು ಅನ್ನೋದು ಈಗ ಬೇಡ.

“ಅಜ್ಜಿ, ಇದು ಬ್ರಹ್ಮಕಮಲ ಅಲ್ವಂತೆ. ನಿಜವಾದ ಬ್ರಹ್ಮಕಮಲ ಇರೋದು ಹಿಮಾಲಯದಲ್ಲಿ. ಇದು ಮೆಕ್ಸಿಕೊ ಕಡೆ ಕ್ಯಾಕ್ಟಸ್.”

“ಕ್ಯಾಕ್ಟಸ್ ಅಂದ್ರೆ?”

“ಅಂದ್ರೆ… ಕಳ್ಳಿ ಅಜ್ಜಿ.”

ಮನೆ ಮುಂದೆ ಕಳ್ಳಿ ಇಡಬಾರದು ಅಂತ ನಂಬಿಕೊಂಡು ಬಂದ ಮನೆ ಅದು. ಅತ್ತೆ ಮುಗಿದ ಕೈಯನ್ನು ನಿಧಾನಕ್ಕೆ ಬಿಟ್ಟು ಸೆರಗು ಸರಿಮಾಡಿಕೊಂಡ್ರು. ಅಜ್ಜಿ ಸ್ವಲ್ಪ ಹೊತ್ತು ಹೂವನ್ನೇ ನೋಡಿ, “ಹಂಗಾದ್ರೆ ಇಷ್ಟು ವರ್ಷ ನಾನು ಕೈ ಮುಗಿದಿದ್ದು ಕಳ್ಳಿಗಾ?” ಅಂದ್ರು. ನಮಗೆ ಉತ್ತರ ಹೊಳೀಲಿಲ್ಲ. ಲೈನ್ ಮನೆ ಮಕ್ಕಳು ಮಾತ್ರ ಇನ್ನೂ ಹೂವಿಗೆ ಮೂಗು ಹಚ್ಚಿಕೊಂಡೇ ಇದ್ವು.

ಮಾರನೇ ದಿನ ಬೆಳಿಗ್ಗೆ ಎದ್ದು ನೋಡಿದ್ರೆ ಬಕೆಟ್ಟು ಜಗಲಿಯಲ್ಲಿ ಇರಲಿಲ್ಲ. ಕೊಟ್ಟಿಗೆಯ ಹಿಂದೆ, ಹಲಸಿನ ಮರದ ಬುಡಕ್ಕೆ ಹೋಗಿತ್ತು.

ನಾವು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಹಿಮಾಲಯದ ಬ್ರಹ್ಮಕಮಲ ಬೇರೆಯೇ ಗಿಡ. ಅದರ ಹೆಸರು ಸಾಸ್ಯೂರಿಯಾ ಆಬ್ವಲ್ಲಾಟಾ, ಉತ್ತರಾಖಂಡದ ರಾಜ್ಯಪುಷ್ಪ, ಕೇದಾರ ಬದರಿಗಳಲ್ಲಿ ದೇವರಿಗೆ ಏರಿಸುವ ಹೂವು. ಸೂರ್ಯಕಾಂತಿ, ಸೇವಂತಿಗೆಯ ಕುಟುಂಬದ್ದು. ಸಮುದ್ರಮಟ್ಟದಿಂದ 3,000 ಮೀಟರಿಗೂ ಮೇಲೆ ಬೆಳೆಯುವಂಥದ್ದು. ಕರ್ನಾಟಕದಲ್ಲೇ ಎತ್ತರವಾದ ನಮ್ಮ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಅದರ ನೆತ್ತಿಯ ಮೇಲೆ ನೆಟ್ಟರೂ ಆ ಹೂವಿಗೆ ಎತ್ತರ ಸಾಲದು. ನಮ್ಮ ಮನೆಗಳ ಬ್ರಹ್ಮಕಮಲ ಎಪಿಫಿಲಮ್ ಆಕ್ಸಿಪೆಟಲಮ್. ದಕ್ಷಿಣ ಮೆಕ್ಸಿಕೊ, ಗ್ವಾಟೆಮಾಲಾ ಕಡೆಯ ಕಾಡಿನದ್ದು, ಕ್ಯಾಕ್ಟಸ್ ಕುಟುಂಬದ್ದು. ತಮಾಷೆ ಅಂದ್ರೆ ಎರಡನ್ನೂ ಮೊದಲು ವೈಜ್ಞಾನಿಕವಾಗಿ ವಿವರಿಸಿದವನು ಒಬ್ಬನೇ, ಜಿನೀವಾದ ಸಸ್ಯಶಾಸ್ತ್ರಜ್ಞ ಡಿ ಕ್ಯಾಂಡೋಲ್. ಮೆಕ್ಸಿಕೊದ್ದನ್ನು 1828ರಲ್ಲಿ, ಹಿಮಾಲಯದ್ದನ್ನು ಅದಾಗಿ ಸುಮಾರು ಹತ್ತು ವರ್ಷಕ್ಕೆ. ಒಂದು ದಿನ ಈ ಎರಡಕ್ಕೂ ಒಂದೇ ಹೆಸರಿಟ್ಟು ಕೈ ಮುಗಿಯುವ ದೇಶ ಇರುತ್ತೆ ಅಂತ ಅವನಿಗೆ ಅನಿಸಿರಲಿಕ್ಕಿಲ್ಲ.

ಇಷ್ಟು ತಿಳಿದು ನಾವು ಬುದ್ಧಿವಂತರು ಅಂದುಕೊಂಡಿದ್ವಿ. ದಸರಾ ರಜೆಯಲ್ಲಿ ಮೂಡಿಗೆರೆಗೆ ಹೋದಾಗ ಆ ಜಂಬ ಇಳೀತು.

ಮೂಡಿಗೆರೆಯ ತೋಟದಲ್ಲಿ ಅಪ್ಪ ಹಿಂದಿನ ವರ್ಷ ಡ್ರ್ಯಾಗನ್ ಫ್ರೂಟ್ ಹಾಕಿದ್ರು. ಮೆಣಸಿನ ಬಳ್ಳಿಗೆ ಸೊರಗು ರೋಗ ಬಂದು ಒಂದು ತಟ್ಟೇ ಖಾಲಿ ಆಗಿತ್ತು. ಆ ಜಾಗದ ಮರಗಳನ್ನೂ ತೆಗೆಸಿ, ಸಾಲ ಮಾಡಿ, ಅರವತ್ತು ಸಿಮೆಂಟ್ ಕಂಬ ನಿಲ್ಲಿಸಿ, ಕಂಬಕ್ಕೆ ನಾಲ್ಕರಂತೆ ತುಂಡು ನೆಟ್ಟು, ಮೇಲೆ ಹಳೇ ಟಯರು ಕಟ್ಟಿದ್ರು. “ಕ್ಯಾಕ್ಟಸ್ ಅಲ್ವಾ, ಬಿಸಿಲಿಗೆ ಏನೂ ಆಗಲ್ಲ, ನೀರೂ ಬೇಡ” ಅಂತ ಯಾರೋ ಹೇಳಿದ್ರಂತೆ. ಹಾಗೆ ಹೇಳಿದವರಲ್ಲಿ ನಾವೂ ಇದ್ವಿ. ಫೋನಿನಲ್ಲಿ ಅಪ್ಪ ಕೇಳಿದಾಗ, “ಮರುಭೂಮಿ ಗಿಡ ಅಪ್ಪಾ, ತಲೆ ಕೆಡಿಸ್ಕೋಬೇಡಿ” ಅಂದಿದ್ದು ನಮಗೆ ಚೆನ್ನಾಗಿ ನೆನಪಿದೆ.

ಮಾರ್ಚ್, ಏಪ್ರಿಲ್ ಬಿಸಿಲಿಗೆ ಕಾಂಡಗಳು ಹಳದಿ ತಿರುಗಿ, ಸುಟ್ಟ ಹಾಗೆ ಬಿಳಿಚಿಕೊಂಡ್ವು. ಜೂನ್‌ನಲ್ಲಿ ಮೂಡಿಗೆರೆ ಮಳೆ ಶುರುವಾಯ್ತು. ಏರಿ ಹಾಕದೆ ಗುಂಡಿಯಲ್ಲೇ ನೆಟ್ಟಿದ್ದರಿಂದ ಬುಡದಲ್ಲಿ ನೀರು ನಿಂತು, ಕಾಂಡ ಮೆತ್ತಗಾಗಿ ಕೊಳೀತು. ನಾವು ಹೋದಾಗ ಅರ್ಧಕ್ಕಿಂತ ಹೆಚ್ಚು ಕಂಬ ಬರೀ ಕಂಬಗಳಾಗಿ ನಿಂತಿದ್ವು. ಅಪ್ಪ ಬೈಯಲಿಲ್ಲ. “ಬೋರ್ಡೋ ಹೊಡೆದು ನೋಡ್ದೆ, ಆಗ್ಲಿಲ್ಲ” ಅಂತಷ್ಟೇ ಹೇಳಿ ಮುಂದೆ ನಡೆದ್ರು.

ತಟ್ಟಿನ ಅಂಚಿನಲ್ಲಿ ಒಂದು ಸಿಲ್ವರ್ ಓಕ್ ಉಳಿದಿತ್ತು. ಅಲ್ಲಿ ಅಪ್ಪ ನಿಂತ್ರು. ಕೊನೆಯ ಕಂಬದ ಒಂದು ಕಾಂಡ ಟಯರಿನಿಂದ ಆಚೆ ಚಾಚಿ, ಆ ಮರ ಹಿಡಿದು ಹತ್ತಿತ್ತು. ಮೂರು ಮೂಲೆಯ ಹಸಿರು ಕಾಂಡ, ಗಿಣ್ಣು ಗಿಣ್ಣಿನಿಂದ ಬೇರು ಬಿಟ್ಟು, ಮಳೆಗೆ ಪಾಚಿ ಕಟ್ಟಿದ ತೊಗಟೆಗೆ ಅಂಟಿಕೊಂಡಿತ್ತು. ಬುಡ ಕೊಳೆತು ಕಡಿದೇ ಹೋಗಿತ್ತು. ಮೇಲೆ ಮಾತ್ರ ಗಿಡ ಬದುಕಿತ್ತು, ಕೆಂಪು ಹಣ್ಣೂ ಒಂದು ತೂಗ್ತಿತ್ತು. “ನೋಡಿ, ಥೇಟ್ ಮೆಣಸಿನ ಬಳ್ಳಿ ಥರ ಹತ್ತಿದೆ. ಇದು ಮರುಭೂಮಿ ಗಿಡ ಅಂತ ಯಾರಯ್ಯಾ ಹೇಳಿದ್ದು?” ಅಂದ್ರು ಅಪ್ಪ.

ಆವತ್ತು ರಾತ್ರಿ ನಾವು ನಿಜಕ್ಕೂ ಓದೋಕೆ ಕೂತ್ವಿ. ಮೊದಲ ಸಲ ಹುಡುಕಿದಾಗ ಹೆಸರು ಸಿಕ್ಕ ಕೂಡಲೇ ನಿಲ್ಲಿಸಿದ್ವಿ. ಈ ಸಲ ಹೆಸರಿನಿಂದ ಶುರು ಮಾಡಿದ್ವಿ.

1753ರಲ್ಲಿ ಲಿನೇಯಸ್ ತನಗೆ ಗೊತ್ತಿದ್ದ 22 ಬಗೆಯ ಇಂಥ ಗಿಡಗಳನ್ನೆಲ್ಲ ‘ಕ್ಯಾಕ್ಟಸ್’ ಅನ್ನೋ ಒಂದೇ ಕುಲಕ್ಕೆ ತುಂಬಿದ್ದ. ಆಮೇಲೆ ಬಂದವರು ಒಂದೊಂದನ್ನೇ ಬೇರೆ ಮಾಡುತ್ತಾ ಹೋದರು. ಇವತ್ತು ಕ್ಯಾಕ್ಟಸ್ ಅನ್ನೋ ಹೆಸರಿನ ಕುಲವೇ ಇಲ್ಲ, ಅದು ಇಡೀ ಕುಟುಂಬದ ಹೆಸರಾಗಿ ಮಾತ್ರ ಉಳಿದಿದೆ. ಡ್ರ್ಯಾಗನ್ ಫ್ರೂಟ್ ಗಿಡಕ್ಕೆ 1830ರಲ್ಲಿ ಇಂಗ್ಲೆಂಡಿನ ಹಾವರ್ತ್ ‘ಸಿರಿಯಸ್ ಅಂಡೇಟಸ್’ ಅಂತ ಹೆಸರಿಟ್ಟ. ಸಿರಿಯಸ್ ಅಂದರೆ ಮೇಣದ ಬತ್ತಿ, ಅಂಡೇಟಸ್ ಅಂದರೆ ಅಲೆ ಅಲೆಯಾದದ್ದು. ಕಾಂಡದ ಅಂಚನ್ನು ಮುಟ್ಟಿ ನೋಡಿದರೆ ಆ ಅಲೆ ಗೊತ್ತಾಗುತ್ತೆ. 1918ರಲ್ಲಿ ಅಮೆರಿಕದ ಬ್ರಿಟನ್ ಮತ್ತು ರೋಸ್ ಅದನ್ನು ‘ಹೈಲೋಸಿರಿಯಸ್’ ಕುಲಕ್ಕೆ ಸೇರಿಸಿದರು. ಅಂದರೆ ಕಾಡಿನ ಮೇಣದ ಬತ್ತಿ. ಸುಮಾರು ನೂರು ವರ್ಷ ಆ ಹೆಸರೇ ನಡೀತು. ಆಮೇಲೆ ಡಿಎನ್‌ಎ ಹೋಲಿಸಿ ನೋಡಿದಾಗ, ಹೈಲೋಸಿರಿಯಸ್ ಅನ್ನೋದು ‘ಸೆಲೆನಿಸಿರಿಯಸ್’ ಕುಲದ ಒಳಗೇ ಬೆಳೆದ ಒಂದು ಕೊಂಬೆ ಅಂತ ಗೊತ್ತಾಯ್ತು. ಹಾಗಾಗಿ 2017ರಿಂದ ಇದು ಸೆಲೆನಿಸಿರಿಯಸ್ ಅಂಡೇಟಸ್, ಚಂದ್ರನ ಮೇಣದ ಬತ್ತಿ.

ಕಾಡಿನದ್ದು, ಚಂದ್ರನದ್ದು. ಗಿಡದ ಜಾತಕ ಹೆಸರಿನಲ್ಲೇ ಇತ್ತು. ಎಲ್ಲೂ ಮರುಭೂಮಿ ಇರಲಿಲ್ಲ. ಇದು ಮಧ್ಯ ಅಮೆರಿಕದ ಕಡೆಯ ಕಾಡುಗಳಲ್ಲಿ ಮರ, ಬಂಡೆ ಹತ್ತುವ ಗಿಡ. ನೆಲದ ಬೇರು ಹೋದರೂ ಮರಕ್ಕೆ ಕಚ್ಚಿದ ಬೇರಿನಿಂದಲೇ ಬದುಕಬಲ್ಲದು. ತೊಗಟೆಯ ಸಂದಿನಲ್ಲಿ ಕೊಳೆತ ದರಗು ಅದಕ್ಕೆ ಗೊಬ್ಬರ. ನೀರು ಬೇಕು, ನಿಲ್ಲಬಾರದು. ಬೆಳಕು ಬೇಕು, ಸುಡಬಾರದು. ಬೇಸಿಗೆಯಲ್ಲಿ ಸ್ವಲ್ಪ ನೆರಳು, ಮಳೆಗೆ ಎತ್ತರದ ಏರಿ, ನೀರು ಬಸಿದು ಹೋಗೋ ಮಣ್ಣು ಅಂತ ಬೇಸಾಯದ ಕೈಪಿಡಿಗಳು ಹೇಳೋದು ಇದಕ್ಕೇ. ತುಮಕೂರಿನ ಹತ್ತಿರ ಹಿರೇಹಳ್ಳಿಯ ಐಐಎಚ್‌ಆರ್ ಕೇಂದ್ರದಲ್ಲಿ ಈ ಹಣ್ಣಿನ ಮೇಲೆ ಸಂಶೋಧನೆಯೇ ನಡೀತಿದೆ. ಒಂದು ಫೋನು ಮಾಡಿ ಕೇಳಬಹುದಿತ್ತು. ನಾವು ‘ಕ್ಯಾಕ್ಟಸ್’ ಅನ್ನೋ ಒಂದು ಪದ ಸಾಕು ಅಂದುಕೊಂಡಿದ್ವಿ.

ಹಾವರ್ತ್‌ನ ಹೆಸರು ಇನ್ನೊಂದು ಕಡೆಯೂ ಸಿಕ್ತು. ಡಿ ಕ್ಯಾಂಡೋಲ್ ವಿವರಿಸಿದ ಅಜ್ಜಿಯ ಗಿಡವನ್ನು 1829ರಲ್ಲಿ ಎಪಿಫಿಲಮ್ ಕುಲಕ್ಕೆ ಸೇರಿಸಿದವನೂ ಅವನೇ. ಎಪಿಫಿಲಮ್ ಅಂದರೆ ‘ಎಲೆಯ ಮೇಲೆ’. ಎಲೆಯ ಮೇಲೆ ಹೂ ಬಿಡುತ್ತೆ ಅನ್ನೋ ಅರ್ಥ. ನಿಜಕ್ಕೆ ಅದು ಎಲೆ ಅಲ್ಲ, ಚಪ್ಪಟೆಯಾದ ಕಾಂಡ. ಅಂಚಿನ ಕಚ್ಚಿನಲ್ಲಿ ಅರಿಯೋಲ್ ಅನ್ನೋ ಪುಟ್ಟ ಗುಳಿ ಇರುತ್ತೆ. ಮುಳ್ಳು, ಹೂವು, ಹೊಸ ಕವಲು ಎಲ್ಲ ಹುಟ್ಟೋದು ಅಲ್ಲಿಂದ. ಅರಿಯೋಲ್ ಇದ್ದರೆ ಅದು ಕ್ಯಾಕ್ಟಸ್. “ಎಲೆ ಮೇಲೇ ಹೂ ಬಿಡುತ್ತೆ, ಅದಕ್ಕೇ ದೇವರ ಗಿಡ” ಅಂತ ಅಜ್ಜಿ ಹೇಳ್ತಿದ್ದಾಗ ನಾವು ಒಳಗೊಳಗೇ ನಕ್ಕಿದ್ವಿ. ಅಜ್ಜಿ ಹೇಳಿದ ತಪ್ಪನ್ನೇ ಹಾವರ್ತ್ ಲ್ಯಾಟಿನ್ ಅಕ್ಷರದಲ್ಲಿ ಬರೆದಿದ್ದ, ಅದು ಇವತ್ತಿಗೂ ವೈಜ್ಞಾನಿಕ ಹೆಸರು.

ಇನ್ನೂ ಒಂದು. ಅಜ್ಜಿಯ ಬ್ರಹ್ಮಕಮಲ, ಅಪ್ಪನ ಡ್ರ್ಯಾಗನ್ ಫ್ರೂಟ್ ಎರಡೂ ‘ಹೈಲೋಸಿರಿಯೇ’ ಅನ್ನೋ ಒಂದೇ ಬಳಗಕ್ಕೆ ಸೇರಿದ್ದು. ಅಣ್ಣತಮ್ಮಂದಿರ ಮಕ್ಕಳಿದ್ದ ಹಾಗೆ. ಎರಡೂ ಮರ ನಂಬಿದವು, ಎರಡೂ ರಾತ್ರಿ ಅರಳಿ ಬೆಳಗಾಗುವುದರೊಳಗೆ ಬಾಡುವವು. ಅಜ್ಜಿ ಬ್ರಹ್ಮಕಮಲವನ್ನು ಎಂದೂ ಬಿಸಿಲಿಗೆ ಇಟ್ಟವರಲ್ಲ. ಮಣ್ಣಿಗೆ ಅರ್ಧಕ್ಕರ್ಧ ದರಗು ಬೆರೆಸ್ತಿದ್ರು, ನೀರು ನಿಲ್ಲದಿರಲಿ ಅಂತಲೇ ತೂತು ಬಕೆಟ್ಟು ಆರಿಸಿದ್ರು. ಜಗಲಿಯಿಂದ ಹೊರಗೆ ಹಾಕಿದಾಗಲೂ ಹಲಸಿನ ಬುಡವನ್ನೇ ಹುಡುಕಿದ್ರು. ಹೆಸರು ಗೊತ್ತಿದ್ದ ನಮಗೆ ಗಿಡ ಗೊತ್ತಿರಲಿಲ್ಲ. ಅಜ್ಜಿಗೆ ಗಿಡ ಗೊತ್ತಿತ್ತು. ಅಪ್ಪ ನಮ್ಮ ಬದಲು ಅಜ್ಜಿಯನ್ನು ಕೇಳಿದ್ದರೆ ಅರ್ಧ ಕಂಬವಾದರೂ ಉಳೀತಿತ್ತು.

ಹಾಗಾದರೆ ಕಳ್ಳಿ? ಇಲ್ಲೂ ನಾವು ಎಡವಿದ್ವಿ. ನಮ್ಮ ಬೇಲಿಯ ಕಳ್ಳಿ, ಮುರಿದರೆ ಹಾಲು ಸುರಿಯುತ್ತಲ್ಲ, ಅದು ಕ್ಯಾಕ್ಟಸ್ಸೇ ಅಲ್ಲ. ಅದು ಯೂಫೋರ್ಬಿಯಾ, ಹರಳು, ರಬ್ಬರು, ಮರಗೆಣಸಿನ ಕುಟುಂಬದ್ದು. ಇಬ್ಬರು ಎಂಜಿನಿಯರುಗಳು ಒಬ್ಬರನ್ನೊಬ್ಬರು ನೋಡದೆ ಒಂದೇ ಸಮಸ್ಯೆಗೆ ಒಂದೇ ಡಿಸೈನ್ ಮಾಡಿದ ಹಾಗೆ, ನೀರಿಲ್ಲದ ಕಡೆ ಬದುಕೋಕೆ ಎರಡು ಬೇರೆ ವಂಶಗಳು ಒಂದೇ ರೂಪಕ್ಕೆ ಬಂದಿವೆ ಅಷ್ಟೆ. ಪಾಪಾಸುಕಳ್ಳಿ ನಿಜವಾದ ಕ್ಯಾಕ್ಟಸ್, ಆದರೆ ಅದೂ ಅಮೆರಿಕದಿಂದ ಬಂದದ್ದು. ಕ್ಯಾಕ್ಟಸ್ ಕುಟುಂಬದ ನಿಜವಾದ ನೆಂಟರು ನಮ್ಮ ಅಡುಗೆಮನೆಯಲ್ಲಿದ್ದಾರೆ. ಹರಿವೆ, ಪಾಲಕ್, ಬೀಟ್‌ರೂಟ್, ಗೋಣಿಸೊಪ್ಪು ಎಲ್ಲ ಒಂದೇ ಗಣ. ಅವರಲ್ಲೂ ಗೋಣಿಸೊಪ್ಪು ಮತ್ತು ಬಸಳೆ ಇನ್ನೂ ಹತ್ತಿರದವು. ಚಿಕ್ಕವರಿದ್ದಾಗ ಬಸಳೆ ಹಣ್ಣು ಹಿಸುಕಿ ಶಾಯಿ ಮಾಡಿ ಬರೀತಿದ್ವಲ್ಲ, ಆ ಬಣ್ಣ ಬೀಟಾಲೈನ್. ಬೀಟ್‌ರೂಟಿನ ಕೆಂಪು, ಕೆಂಪು ತಿರುಳಿನ ಡ್ರ್ಯಾಗನ್ ಫ್ರೂಟಿನ ಬಣ್ಣ ಅದೇ ಜಾತಿಯದ್ದು. ದಾಸವಾಳದ ಕೆಂಪು ಬೇರೆ ರಸಾಯನ.

ರಾತ್ರಿ ಅರಳೋದಷ್ಟೇ ಅಲ್ಲ, ಈ ಗಿಡಗಳು ಬಾಗಿಲು ತೆರೆಯೋದೂ ರಾತ್ರಿಯೇ. ಹಗಲು ಬಿಸಿಲಲ್ಲಿ ರಂಧ್ರ ತೆರೆದರೆ ನೀರು ಆವಿಯಾಗಿ ಹೋಗುತ್ತೆ. ಅದಕ್ಕೇ ರಾತ್ರಿ ಇಂಗಾಲದ ಡೈಆಕ್ಸೈಡ್ ಒಳಗೆ ತಗೊಂಡು ಹುಳಿಯ ರೂಪದಲ್ಲಿ ಕೂಡಿಟ್ಟು, ಹಗಲು ಬಾಗಿಲು ಹಾಕಿಕೊಂಡು ಅದರಿಂದ ಅಡುಗೆ ಮಾಡ್ತವೆ. ರಾತ್ರಿ ಚಾರ್ಜ್ ಮಾಡಿ ಹಗಲು ಬಳಸೋ ಬ್ಯಾಟರಿ ಥರ. ಇದರ ಸುಳಿವನ್ನು ಬಹಳ ಹಿಂದೆಯೇ ಹೇಳಿದವನಿಗೂ ನಮ್ಮ ನಾಡಿಗೂ ಸಂಬಂಧ ಇದೆ. ಬೆಂಗಳೂರಿನ ಲಾಲ್‌ಬಾಗನ್ನು ಕೆಲಕಾಲ ನೋಡಿಕೊಂಡಿದ್ದ ಬೆಂಜಮಿನ್ ಹೇಯ್ನ್ ಕಾಡುಬಸಳೆಯ ಎಲೆ ಅಗಿದು ನೋಡಿದ್ದ. ಬೆಳಿಗ್ಗೆ ಹುಳಿ, ಮಧ್ಯಾಹ್ನಕ್ಕೆ ಸಪ್ಪೆ. 1813ರಲ್ಲಿ ಅದನ್ನು ಲಂಡನ್ನಿನ ಲಿನಿಯನ್ ಸೊಸೈಟಿಗೆ ಬರೆದು ತಿಳಿಸಿದ. ಕಾಡುಬಸಳೆ ಬಸಳೆಯೂ ಅಲ್ಲ, ಕ್ಯಾಕ್ಟಸ್ಸೂ ಅಲ್ಲ. ಆದರೆ ಈ ವಿದ್ಯೆಗೆ ವಿಜ್ಞಾನ ಕೊಟ್ಟ ಹೆಸರಿನಲ್ಲಿರುವುದು ಅದರ ಕುಟುಂಬವೇ, ಕ್ರಾಸುಲೇಸಿ. ನಾವು ಫೋಟೊ ತೆಗೆದು ಸುಮ್ಮನಾಗಿದ್ವಿ. ಅವನು ಬಾಯಿಗೆ ಹಾಕಿಕೊಂಡು, ಮತ್ತೆ ಮಧ್ಯಾಹ್ನ ಬಂದು ಇನ್ನೊಂದು ಸಲ ಹಾಕಿಕೊಂಡಿದ್ದ.

ಚಿಕ್ಕಮಗಳೂರಿನ ಅಂಗಡಿಯಲ್ಲಿ ಈ ಹಣ್ಣಿನ ಡಬ್ಬಿಯ ಮೇಲೆ ‘ಕಮಲಂ’ ಅಂತ ಬರೆದಿದ್ದನ್ನು ನೋಡಿದ್ವಿ. 2021ರಲ್ಲಿ ಗುಜರಾತ್ ಸರ್ಕಾರ ಇಟ್ಟ ಹೆಸರು, ಹಣ್ಣು ಕಮಲದ ಥರ ಕಾಣುತ್ತೆ ಅಂತ. ವಿಯೆಟ್ನಾಮಿನಲ್ಲಿ ಇದನ್ನು ಹಸಿರು ಡ್ರ್ಯಾಗನ್ ಅಂತಾರೆ, ಅಮೆರಿಕದ ಸ್ಪ್ಯಾನಿಷ್ ಮಾತಿನಲ್ಲಿ ಪಿಟಾಯ. ಹೋದ ಹೋದ ಊರಲ್ಲಿ ಒಂದೊಂದು ಹೆಸರು. ನಮ್ಮಲ್ಲಿ ಕಮಲವಲ್ಲದ ಎರಡು ಕ್ಯಾಕ್ಟಸ್ಸಿಗೆ ಕಮಲದ ಹೆಸರು ಬಿತ್ತು. ಹಾಗಾದರೆ ಕೆರೆಯ ಕಮಲದ ನೆಂಟರು ಯಾರು ಅಂತ ನೋಡಿದ್ವಿ. ಹಳೇ ಪುಸ್ತಕಗಳು ಅದನ್ನು ನೈದಿಲೆಯ ಜೊತೆ ಇಡುತ್ತಿದ್ದವು. ಡಿಎನ್‌ಎ ಹೇಳಿದ್ದು ಬೇರೆ. ಕಮಲ ಇರುವ ಗಣದಲ್ಲೇ ನಮ್ಮ ಕಾಫಿ ತೋಟದ ಸಿಲ್ವರ್ ಓಕ್ ಇದೆ. ಅದನ್ನು ಓದಿ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡ್ವಿ. ಅಪ್ಪನ ತೋಟದ ಅಂಚಿನಲ್ಲಿ ‘ಕಮಲಂ’ ಬುಡ ಕಳಕೊಂಡ ಮೇಲೆ ಹಿಡಿದು ಬದುಕಿದ್ದು ನಿಜವಾದ ಕಮಲದ ನೆಂಟನನ್ನು.

ಮಾರನೇ ದಿನ ಆ ಒಂದು ಹಣ್ಣನ್ನು ಕಿತ್ತುಕೊಂಡು ಕಳಸಕ್ಕೆ ಹೋದ್ವಿ. ಅಜ್ಜಿಯ ಮುಂದೆ ಕೂತು ಎಲ್ಲ ಹೇಳಿದ್ವಿ. ಅದು ಕಳ್ಳಿ ಅಲ್ಲ, ನಾವು ಅವಸರದಲ್ಲಿ ಹೇಳಿದ್ದು, ಬೇಲಿ ಕಳ್ಳಿಗೂ ಅದಕ್ಕೂ ಸಂಬಂಧವಿಲ್ಲ, ಬಸಳೆಗೆ ಹತ್ತಿರ ಅಂತ. ಅಜ್ಜಿ ಹಣ್ಣಿನ ಒಂದು ಹೋಳು ತಿಂದು, “ಸಪ್ಪೆ. ಉಪ್ಪು ಖಾರ ಹಾಕಿದ್ರೆ ಆದೀತು” ಅಂದ್ರು. ಆಮೇಲೆ, “ಬಸಳೆ ನೆಂಟ ಅಂತ ಆವತ್ತೇ ಹೇಳ್ಬಾರ್ದಿತ್ತೇನ್ರೋ? ಬಸಳೆ ನಮ್ಮನೆ ಚಪ್ಪರದಲ್ಲೇ ಇದೆಯಲ್ಲ” ಅಂದ್ರು. ಸಿಟ್ಟಿರಲಿಲ್ಲ. ಅದೇ ಕಷ್ಟ ಆಯ್ತು ನಮಗೆ.

ಗಿಡ ನೋಡೋಕೆ ಕೊಟ್ಟಿಗೆ ಹಿಂದೆ ಹೋದ್ವಿ. ಹೊಸ ಕಾಂಡಗಳು ಹಲಸಿನ ತೊಗಟೆಗೆ ಒರಗಿಕೊಂಡಿದ್ವು. ಜಗಲಿಯಲ್ಲಿದ್ದಾಗಿಗಿಂತ ಚೆನ್ನಾಗಿತ್ತು. ಅಂಚಿನಲ್ಲಿ ಎರಡು ಬಾಡಿದ ಹೂವು ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿದ್ವು. “ಮೊನ್ನೆ ಅರಳಿತ್ತು ಅನ್ಸುತ್ತೆ. ಯಾರೂ ನೋಡ್ಲಿಲ್ಲ” ಅಂದ್ರು ಅಜ್ಜಿ.

ಬಕೆಟ್ಟನ್ನು ಜಗಲಿಗೆ ತರ್ತೀವಿ ಅಂದ್ವಿ. ಬೇಡ ಅಂದ್ರು. ಬೇರು ಆಗಲೇ ತೂತಿನಿಂದ ಹೊರಗೆ ಬಂದು ನೆಲ ಹಿಡಿದಿತ್ತು, ಎತ್ತಿದ್ರೆ ಕಡಿಯುತ್ತೆ. “ಅದಕ್ಕೆ ಇಲ್ಲೇ ಸರಿ ಇದೆ. ನೋಡೋರು ಇಲ್ಲಿಗೇ ಬರ್ಲಿ.”

ಈ ವರ್ಷ ಅಪ್ಪ ಉಳಿದ ಕಂಬಗಳಿಗೆ ಏರಿ ಹಾಕಿಸಿ, ಬೇಸಿಗೆಗೆ ಹಸಿರು ನೆಟ್ ಕಟ್ಟಿದ್ದಾರೆ. ಖಾಲಿ ಕಂಬಗಳಿಗೆ ಏನು ಮಾಡೋದು ಅಂತ ಇನ್ನೂ ತೀರ್ಮಾನ ಆಗಿಲ್ಲ, ಸಾಲದ ಕಂತು ಮಾತ್ರ ಕಟ್ಟಬೇಕು. ಕಳಸದಲ್ಲಿ ಹೋದ ವಾರ ಏಳು ಮೊಗ್ಗು ಬಂದಿವೆ ಅಂತ ಅಜ್ಜಿ ಫೋನು ಮಾಡಿದ್ರು. ಹೂವಿನ ಹೆಸರು ಹೇಳುವಾಗ ಒಂದು ಕ್ಷಣ ತಡೆದು, “ಅದೇ, ನಮ್ಮ ಗಿಡ” ಅಂದ್ರು. ಲೈನ್ ಮನೆ ಮಕ್ಕಳು ದಿನಾ ಬಂದು ಎಣಿಸಿ ಹೋಗ್ತವಂತೆ.

“ಆಚೆ ಮನೆ ಅತ್ತೆಗೆ ಹೇಳಿದ್ರಾ ಅಜ್ಜಿ?” ಅಂತ ಕೇಳಿದ್ವಿ.

“ನಾನು ಹೇಳ್ದೆ. ಕಳ್ಳಿ ಹೂವು ನೋಡೋಕೆ ಕತ್ತಲಲ್ಲಿ ಯಾಕೆ ಬರ್ಲಿ ಅಂದ್ಲು. ನೀವೇ ಹೇಳಿದ್ದಲ್ವಾ, ನೀವೇ ಬಂದು ಅವಳಿಗೆ ಬಿಡಿಸಿ ಹೇಳಿ.”

ಶನಿವಾರ ಇಂಟರ್ನಲ್ಸ್ ಮುಗಿಯುತ್ತೆ. ರಾತ್ರಿ ಬಸ್ಸಿಗೆ ಮೂವರೂ ಹೊರಟಿದ್ದೇವೆ.